ವೀರಪತ್ನಿ, ವೀರಮಾತೆ ಜೀಜಾಬಾಯಿ

ಮಕ್ಕಳ ಕೀರ್ತಿಯ ಬೆಳಕಿನಲ್ಲಿ ತಾಯಂದಿರ ಬಾಳು ಕಾಣದೆ ಹೋಗುವುದು ಲೋಕದ ರೂಢಿ. ಜೀಜಾಬಾಯಿಯ ಹೆಸರೇನೋ ಉಳಿದಿದೆ. ಆದರೆ ಉಳಿದದ್ದು ಅರ್ಧ ಮಾತ್ರ. ಆಕೆ ಶಿವಾಜಿಯ ತಾಯಿ ಎಂಬುದನ್ನು ಪ್ರಾಥಮಿಕ ಶಾಲೆಯ ಹುಡುಗನೂ ಬಲ್ಲ. ಸೈನಿಕನೊಬ್ಬನ ಹೆಂಡತಿಯಾಗಿ ಆಕೆ ಸವೆಸಿದ ದಿನಗಳನ್ನೂ, ಆ ಬಾಳಿಗೂ ನಮ್ಮ ಕನ್ನಡ ನೆಲಕ್ಕೂ ಇರುವ ನಂಟನ್ನೂ ಬಲ್ಲವರು ಕಡಮೆ. ಆಕೆಯ ಪತಿಯ ಸಮಾಧಿ ಇರುವುದು ನಮ್ಮ ನೆರೆಯ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಆಕೆಯ ಹಿರಿಯ ಮಗ ಮಡಿದದ್ದು ಇಂದಿನ ಕೊಪ್ಪಳ ಜಿಲ್ಲೆಯ ಕನಕಗಿರಿಯಲ್ಲಿ. ಹೀಗಿರುವಾಗ ಆಕೆಯನ್ನು ಪರನಾಡಿನವಳೆಂದು ಸುಮ್ಮನಿರುವುದು ನಮಗೆ ತಕ್ಕುದಲ್ಲ.

ಜೀಜಾಬಾಯಿ ಹುಟ್ಟಿದ್ದು 1598ರಲ್ಲಿ, ಇಂದಿನ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಸಿಂದಖೇಡದಲ್ಲಿ. ತಂದೆ ಲಖೂಜಿ ಜಾಧವ ಅಹಮದ್‌ನಗರದ ನಿಜಾಮಶಾಹಿಯ ದೊಡ್ಡ ಸರದಾರ. ತಾಯಿ ಮ್ಹಾಳಸಾಬಾಯಿ. ದೇವಗಿರಿಯ ಯಾದವರ ಪೀಳಿಗೆ ತಮ್ಮದೆಂದು ಹೇಳಿಕೊಳ್ಳುತ್ತಿದ್ದ ಮನೆತನ ಅದು. ಎಳೆಯ ವಯಸ್ಸಿನಲ್ಲಿಯೇ ವೇರೂಳದ ಮಾಲೋಜಿ ಭೋಸಲೆಯ ಮಗ ಶಹಾಜಿಯೊಡನೆ ಆಕೆಯ ವಿವಾಹವಾಯಿತು. ಭೋಸಲೆಯವರೂ ನಿಜಾಮಶಾಹಿಯ ಸೇವೆಯಲ್ಲಿದ್ದವರೇ. ಒಂದೇ ಆಸ್ಥಾನಕ್ಕೆ ಸೇರಿದ ಎರಡು ಮನೆಗಳು ಬೀಗರಾದಾಗ ಅದನ್ನು ಒಳ್ಳೆಯ ಸಂಬಂಧವೆಂದೇ ಎಲ್ಲರೂ ಎಣಿಸಿರಬೇಕು.

ಆದರೆ ಅದು ಯಾರ ಕತ್ತಿ ಯಾರ ಕಡೆಗೆ ತಿರುಗುವುದೆಂದು ಹೇಳಲಾಗದ ಕಾಲ. ಲಖೂಜಿ ನಿಜಾಮಶಾಹಿಯನ್ನು ಬಿಟ್ಟು ಮೊಗಲರನ್ನು ಸೇರಿದನು. ಶಹಾಜಿ ನಿಜಾಮಶಾಹಿಯಲ್ಲಿಯೇ ಉಳಿದು, 1624ರ ಭಾತವಡಿಯ ಯುದ್ಧದಲ್ಲಿ ಮಲಿಕ್ ಅಂಬರನ ಪಕ್ಷದಲ್ಲಿ ನಿಂತು ಹೆಸರು ಪಡೆದನು. ತಂದೆ ಒಂದು ಸೈನ್ಯದಲ್ಲಿ, ಗಂಡ ಇನ್ನೊಂದು ಸೈನ್ಯದಲ್ಲಿ! ಯಾವ ಕಡೆಗೆ ಜಯವಾದರೂ ಕಣ್ಣೀರು ಮಾತ್ರ ಜೀಜಾಬಾಯಿಯ ಪಾಲಿಗೆ. ತವರಿನ ಮೇಲಣ ಮಮತೆಯನ್ನು ಬಿಡದೆ ಗಂಡನ ಮನೆಯಲ್ಲಿ ಬಾಳುವುದು ಎಷ್ಟು ಕಠಿಣವೆಂಬುದನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬಲ್ಲರು.

ಇದಕ್ಕಿಂತ ಘೋರವಾದುದು 1629ರಲ್ಲಿ ನಡೆಯಿತು. ಲಖೂಜಿ ಮತ್ತೆ ನಿಜಾಮಶಾಹಿಯ ಕಡೆಗೆ ಬಂದಿದ್ದನು. ಸುಲ್ತಾನನ ದರ್ಶನಕ್ಕೆಂದು ದೌಲತಾಬಾದಿಗೆ ಹೋದಾಗ, ತುಂಬಿದ ದರ್ಬಾರಿನಲ್ಲಿ ಅವನನ್ನೂ ಅವನ ಮಕ್ಕಳನ್ನೂ ಮೊಮ್ಮಗನನ್ನೂ ಕೊಲ್ಲಿಸಲಾಯಿತು. ಒಂದೇ ದಿನದಲ್ಲಿ ತವರು ಬರಿದಾಯಿತು. ಆಗ ಜೀಜಾಬಾಯಿ ಗರ್ಭಿಣಿ. ಗಂಡನೋ ಯುದ್ಧಗಳ ಗೊಂದಲದಲ್ಲಿ ಊರಿಂದೂರಿಗೆ ಅಲೆಯುತ್ತಿದ್ದವನು. ಕ್ಷೇಮವಾದ ಜಾಗವೆಂದು ಆಕೆಯನ್ನು ಶಿವನೇರಿಯ ಕೋಟೆಯಲ್ಲಿ ಇರಿಸಿದ್ದರು. 1630ರ ಫೆಬ್ರವರಿ 19ರಂದು ಶಿವಾಜಿ ಹುಟ್ಟಿದ್ದು ಆ ಕೋಟೆಯಲ್ಲಿ. ದಕ್ಷಿಣಾಪಥಕ್ಕೆಲ್ಲ ಭೀಕರ ಕ್ಷಾಮ ಬಡಿದಿದ್ದ ವರ್ಷ ಅದು.

1636ರಲ್ಲಿ ನಿಜಾಮಶಾಹಿ ಅಳಿಯಿತು. ಶಹಾಜಿ ಬಿಜಾಪುರದ ಆದಿಲಶಾಹಿಯ ಸೇವೆಗೆ ಸೇರಿ, ರಣದುಲ್ಲಾ ಖಾನನೊಡನೆ ಕರ್ನಾಟಕದ ದಂಡಯಾತ್ರೆಗೆ ಬಂದನು. 1638ರಲ್ಲಿ ಕೆಂಪೇಗೌಡರ ವಂಶದ ಕೈಯಿಂದ ಬೆಂಗಳೂರು ಬಿಜಾಪುರಕ್ಕೆ ಸೇರಿ, ಶಹಾಜಿಗೆ ಜಹಗೀರಾಯಿತು. ಜೀಜಾಬಾಯಿಯೂ ಬಾಲಕ ಶಿವಾಜಿಯೂ ಕೆಲವು ಕಾಲ ಬೆಂಗಳೂರಿನಲ್ಲಿದ್ದರು. ಆ ಬಳಿಕ ಪುಣೆಯ ಜಹಗೀರನ್ನು ನೋಡಿಕೊಳ್ಳಲು ದಾದೋಜಿ ಕೊಂಡದೇವನ ಜೊತೆಯಲ್ಲಿ ತಾಯಿಮಗ ಹಿಂದಿರುಗಿದರು. ಹಿರಿಯ ಮಗ ಸಂಭಾಜಿ ತಂದೆಯ ಬಳಿಯಲ್ಲಿಯೇ ಉಳಿದನು. ಶಹಾಜಿಯ ಇನ್ನೊಬ್ಬ ಪತ್ನಿ ತುಕಾಬಾಯಿಯೂ ಆಕೆಯ ಮಗ ಏಕೋಜಿಯೂ ಅವನೊಡನಿದ್ದರು. ಈ ಏಕೋಜಿಯೇ ಮುಂದೆ ತಂಜಾವೂರಿನಲ್ಲಿ ಮರಾಠರ ಆಳ್ವಿಕೆಯನ್ನು ಸ್ಥಾಪಿಸಿದವನು. ಹೀಗೆ ಒಂದು ಸಂಸಾರ ಎರಡಾಗಿ, ಒಬ್ಬ ಮಗ ತಾಯಿಯ ಮಡಿಲಿಗೆ, ಒಬ್ಬ ಮಗ ತಂದೆಯ ದಂಡಿಗೆ ಹಂಚಿಹೋದರು.

ಇದನ್ನು ಓದುವಾಗ ನನಗೆ ನಮ್ಮೂರಾದ ದೊಡ್ಡಉಳ್ಳಾರ್ತಿ ನೆನಪಿಗೆ ಬರುತ್ತದೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ನಮ್ಮ ಕಡೆಯ ಗಂಡಸರು ದುಡಿಮೆಗೆ ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಹೊಲ, ಸಾಲ, ದನಕರು, ಮಕ್ಕಳ ಓದು ಎಲ್ಲವೂ ಹೆಂಗಸರ ತಲೆಯ ಮೇಲೆ. ಜೀಜಾಬಾಯಿ ಜಹಗೀರುದಾರನ ಪತ್ನಿ, ನಮ್ಮ ತಾಯಂದಿರು ಬಡವರು. ಆದರೂ ಗಂಡನಿಲ್ಲದ ಮನೆಯಲ್ಲಿ ಮನೆ ಮುರಿಯದಂತೆ ನಿಲ್ಲುವ ಧೈರ್ಯದ ಜಾತಿ ಒಂದೇ.

ಆಗಿನ ಪುಣೆ ಬಿಜಾಪುರದ ಸೈನ್ಯ ಸುಟ್ಟು ಹಾಳುಗೆಡವಿದ್ದ ಊರು. ಆ ಪಾಳುನೆಲದಲ್ಲಿ ಬಾಲಕ ಶಿವಾಜಿಯ ಕೈಯಿಂದ ಚಿನ್ನದ ನೇಗಿಲು ಹೂಡಿಸಿದರೆಂದು ಪ್ರತೀತಿ. ಕಸಬಾ ಗಣಪತಿಯ ಗುಡಿಯನ್ನು ಕಟ್ಟಿಸಿದ ಹಿರಿಮೆ ಜೀಜಾಬಾಯಿಯದು. ಓಡಿಹೋಗಿದ್ದ ರೈತರು ಮರಳಿದರು, ಬೀಳು ಬಿದ್ದ ಹೊಲಗಳು ಹಸುರಾದವು. ರಾಮಾಯಣ ಮಹಾಭಾರತದ ಕಥೆಗಳನ್ನು ಹೇಳಿ ಮಗನನ್ನು ಬೆಳೆಸಿದಳೆಂದು ಎಲ್ಲರೂ ಬರೆಯುತ್ತಾರೆ. ಕಥೆಗಳ ಜೊತೆಗೆ, ಹಾಳೂರು ಹೇಗೆ ಮತ್ತೆ ಊರಾಗುವುದೆಂಬುದನ್ನೂ ಆ ಹುಡುಗ ತಾಯಿಯ ಬಳಿಯಲ್ಲಿದ್ದು ಕಂಡನು. ಇದೇನು ಸಣ್ಣ ಪಾಠವೆ?

ಆಕೆಯ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1648ರಲ್ಲಿ ಬಿಜಾಪುರದವರು ಶಹಾಜಿಯನ್ನು ಜಿಂಜಿಯ ಬಳಿ ಸೆರೆಹಿಡಿದರು. ತಂದೆಯ ಬಿಡುಗಡೆಗಾಗಿ ಶಿವಾಜಿ ಕೊಂಡಾಣದ ಕೋಟೆಯನ್ನು ಬಿಟ್ಟುಕೊಡಬೇಕಾಯಿತು. ಸುಮಾರು 1655ರಲ್ಲಿ ಸಂಭಾಜಿ ಕನಕಗಿರಿಯ ಮುತ್ತಿಗೆಯಲ್ಲಿ ಮಡಿದನು. ಹೆತ್ತ ಮಗನ ಮುಖವನ್ನು ಕಡೆಯ ಸಲ ಕಾಣುವ ಭಾಗ್ಯವೂ ಆ ತಾಯಿಗೆ ದೊರೆಯಲಿಲ್ಲ. 1657ರಲ್ಲಿ ಶಿವಾಜಿಗೆ ಗಂಡುಮಗು ಹುಟ್ಟಿತು. ಅದಕ್ಕೆ ಸಂಭಾಜಿಯೆಂಬ ಹೆಸರೇ ಬಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದರ ತಾಯಿ ಸಯೀಬಾಯಿ ತೀರಿಕೊಂಡಳು. ಅರುವತ್ತು ದಾಟಿದ ಅಜ್ಜಿ, ಕಳೆದುಕೊಂಡ ಮಗನ ಹೆಸರನ್ನು ಹೊತ್ತ ಮೊಮ್ಮಗನನ್ನು ಸಾಕಿದಳು.

1664ರ ಜನವರಿಯಲ್ಲಿ ಶಹಾಜಿ ಹೊದಿಗೆರೆಯ ಬಳಿ ಬೇಟೆಯಾಡುತ್ತ ಕುದುರೆಯಿಂದ ಬಿದ್ದು ಮೃತನಾದನು. ಸುದ್ದಿ ತಲಪಿದಾಗ ಜೀಜಾಬಾಯಿ ಸಹಗಮನಕ್ಕೆ ಸಿದ್ಧಳಾದಳೆಂದೂ, ಶಿವಾಜಿ ಬೇಡಿಕೊಂಡು ತಡೆದನೆಂದೂ ಮರಾಠಿ ಬಖರುಗಳು ತಿಳಿಸುತ್ತವೆ. ಆಕೆ ಚಿತೆಯನ್ನೇರದೆ ಬದುಕಿದ್ದೇ ನಾಡಿನ ಪುಣ್ಯವೆನ್ನಬೇಕು. ಏಕೆಂದರೆ 1666ರಲ್ಲಿ ಶಿವಾಜಿ ಆಗ್ರಾಕ್ಕೆ ಹೋಗಿ ಔರಂಗಜೇಬನ ಕಾವಲಿನಲ್ಲಿ ಸಿಕ್ಕಿಬಿದ್ದಾಗ, ರಾಜ್ಯದ ಹೊಣೆ ಈ ವೃದ್ಧೆಯ ಮೇಲಿತ್ತು. ಅವನೊಡನೆ ಹೋಗಿದ್ದವನು ಒಂಬತ್ತು ವರ್ಷದ ಮೊಮ್ಮಗ. ಇಬ್ಬರೂ ಬಾರದೆ ಹೋಗಬಹುದೆಂಬ ಭಯ ಎದೆಯಲ್ಲಿ ಕುದಿಯುತ್ತಿದ್ದರೂ ಆಡಳಿತ ಕುಸಿಯಲಿಲ್ಲ, ಕೋಟೆಗಳು ಕೈಬಿಡಲಿಲ್ಲ.

1674ರ ಜೂನ್ 6ರಂದು ರಾಯಗಡದಲ್ಲಿ ಶಿವಾಜಿಗೆ ಪಟ್ಟಾಭಿಷೇಕವಾಯಿತು. ಆ ದಿನವನ್ನು ಆಕೆ ಕಣ್ಣಾರೆ ಕಂಡಳು. ಜೂನ್ 17ರಂದು, ಬೆಟ್ಟದ ಬುಡದ ಪಾಚಾಡ ಗ್ರಾಮದಲ್ಲಿ ಕಣ್ಣು ಮುಚ್ಚಿದಳು. ಆಕೆಯ ಸಮಾಧಿ ಅಲ್ಲಿಯೇ ಇದೆ. ಗಂಡನ ಸಮಾಧಿ ಕನ್ನಡ ನಾಡಿನಲ್ಲಿ, ಹೆಂಡತಿಯದು ಕೊಂಕಣದ ಬೆಟ್ಟದಡಿಯಲ್ಲಿ. ಬದುಕಿದ್ದಾಗ ದೂರವಾಗಿದ್ದವರು ಮಣ್ಣಿನಲ್ಲಿಯೂ ದೂರವೇ ಉಳಿದರು.

ಸಹಪಾಠಿ ಬಂಧುಗಳೆ, ಇತಿಹಾಸದ ಪುಸ್ತಕಗಳಲ್ಲಿ ಗೆದ್ದ ಕೋಟೆಗಳ ಪಟ್ಟಿಯಿರುತ್ತದೆ. ದಂಡು ಹೋದ ಮೇಲೆ ಮನೆಯಲ್ಲಿ ದೀಪ ಹಚ್ಚಿದವರ ಪಟ್ಟಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಜೀಜಾಬಾಯಿಯ ಈ ಕಥೆಯನ್ನು ಓದುಬರಹ ಬಾರದ ನನ್ನ ತಾಯಿಗೆ ಒಂದು ಸಂಜೆ ಹೇಳಿದೆ. ಶೇಂಗಾ ಸುಲಿಯುತ್ತಿದ್ದವಳು ಪಟ್ಟಾಭಿಷೇಕದ ವೈಭವವನ್ನು ಕೇಳಲಿಲ್ಲ. ಕನಕಗಿರಿಯಲ್ಲಿ ಸತ್ತ ಹುಡುಗನಿಗೆ ಎಷ್ಟು ವಯಸ್ಸಾಗಿತ್ತೆಂದು ಕೇಳಿದಳು. ಮೂರು ವರ್ಷ ಇತಿಹಾಸ ಓದಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಜೀಜಾಬಾಯಿಯ ಬಾಳನ್ನು ತಿಳಿಯಲು ನಾವು ತೊಡಗಬೇಕಾದದ್ದು ಅಲ್ಲಿಂದಲೇ ಎಂದು ನನಗೆ ಅಂದು ತೋರಿತು.