ಗಂಡಸುತನದ ವೇಷ ಕಟ್ಟಲು ಬಾರದ ಕಡಲ್ಗಳ್ಳ

ಹಡಗು ಕದ್ದು ಕಡಲ್ಗಳ್ಳರಾದವರು ಬೇಕಾದಷ್ಟು ಜನ. ಸ್ಟೀಡ್ ಬಾನೆಟ್ ಮಾತ್ರ ಸ್ವಂತ ದುಡ್ಡಲ್ಲಿ ಹಡಗು ಹೊಂದಿಸಿಕೊಂಡು, ನಾವಿಕರಿಗೆ ಸಂಬಳ ಗೊತ್ತುಮಾಡಿ ದರೋಡೆಗೆ ಇಳಿದವನು. ಸ್ಟಾರ್ಟಪ್ ಶುರು ಮಾಡಿದ ಹಾಗೆ!

1688ರಲ್ಲಿ ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಅಪ್ಪ ತೀರಿಹೋಗಿ 400 ಎಕರೆಗೂ ಹೆಚ್ಚು ಜಮೀನು ಕೈಗೆ ಬಂತು. 1709ರಲ್ಲಿ ಮೇರಿ ಆಲಂಬಿ ಜೊತೆ ಮದುವೆ, ಆಮೇಲೆ ಮಕ್ಕಳು. 1717ರಲ್ಲಿ ಹೆಂಡತಿ, ಮಕ್ಕಳು, ಮನೆ ಎಲ್ಲ ಬಿಟ್ಟು ‘ರಿವೆಂಜ್’ ಹಡಗು ಹತ್ತಿದ. ಹಡಗು ನಡೆಸೋದು ಗೊತ್ತಿಲ್ಲ, ಆದರೆ ಅದರೊಳಗೆ ಪುಸ್ತಕದ ಕಪಾಟು ಇತ್ತು.

ಯಾಕೆ ಹೋದ? 1724ರಲ್ಲಿ ಬಂದ ಕಡಲ್ಗಳ್ಳರ ಚರಿತ್ರೆಯ ಪುಸ್ತಕ ಹೆಂಡತಿಯ ಕಾಟದತ್ತ ಬೆರಳು ಮಾಡುತ್ತದೆ. ಗಂಡಸು ದಾರಿ ಬಿಟ್ಟರೆ ಹೆಂಡತಿಯದೇ ತಪ್ಪು, ಈ ವಾದಕ್ಕೆ 300 ವರ್ಷ ವಯಸ್ಸು ನೋಡಿ.

ಸ್ಪೇನಿನ ಯುದ್ಧನೌಕೆಯೊಂದರ ಮೇಲೆ ಬಿದ್ದು ತೀವ್ರವಾಗಿ ಗಾಯಗೊಂಡ ಬಾನೆಟ್‌ಗೆ ಅದೇ ವರ್ಷ ಸಿಕ್ಕವನು ಬ್ಲ್ಯಾಕ್‌ಬಿಯರ್ಡ್. ರಿವೆಂಜ್‌ನ ಚುಕ್ಕಾಣಿ ಅವನ ಕೈಗೆ ಹೋಯಿತು. ಬಾನೆಟ್ ಮನೆಯಲ್ಲಿ ತೊಡುವ ನಿಲುವಂಗಿಯಲ್ಲೇ ಡೆಕ್ ಮೇಲೆ ಅಡ್ಡಾಡುತ್ತಿದ್ದನಂತೆ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬ್ಲ್ಯಾಕ್‌ಬಿಯರ್ಡ್ ಟೋಪಿಯಡಿ ಉರಿಯುವ ಬತ್ತಿ ಸಿಕ್ಕಿಸಿಕೊಂಡು ಹೊಗೆಯ ನಡುವೆ ನಿಲ್ಲುತ್ತಿದ್ದ ಎಂಬುದು ಅವನ ಬಗೆಗಿನ ಪ್ರಸಿದ್ಧ ಕತೆ. ಆದರೆ ತನ್ನ ಕೊನೆಯ ಕಾಳಗಕ್ಕೆ ಮುಂಚೆ ಅವನು ಯಾರನ್ನಾದರೂ ಕೊಂದಿದ್ದಕ್ಕೆ ಖಚಿತ ದಾಖಲೆ ಇಲ್ಲ. ಅವನ ಬಂಡವಾಳ ಭಯ, ಅಂದರೆ ಪಕ್ಕಾ ವೇಷ. ಬಾನೆಟ್‌ಗೆ ಆ ವೇಷ ಕಟ್ಟೋಕೆ ಬರಲಿಲ್ಲ.

2022ರ ಹಾಸ್ಯ ಸರಣಿ ‘ಅವರ್ ಫ್ಲಾಗ್ ಮೀನ್ಸ್ ಡೆತ್’ ಇವರಿಬ್ಬರನ್ನು ಪ್ರೇಮಿಗಳನ್ನಾಗಿ ಮಾಡಿತು. ಹಾಗಿತ್ತು ಅನ್ನೋಕೆ ದಾಖಲೆ ಇಲ್ಲ. ಆದರೂ ಕ್ವಿಯರ್ ಪ್ರೇಕ್ಷಕರು ಅದನ್ನು ಅಪ್ಪಿಕೊಂಡರು, ಅದು ಸರಿಯಾಗಿಯೇ ಇದೆ: ಇಬ್ಬರು ಗಂಡಸರು ಮೃದುವಾಗಿರಬಹುದು, ಅದಕ್ಕೆ ಯಾರೂ ಸಾಯಬೇಕಿಲ್ಲ ಅಂತ ತೋರಿಸುವ ಕತೆಗಳು ಎಷ್ಟಿವೆ? ನನ್ನ ತಕರಾರು ಬೇರೆ. ಬಾನೆಟ್‌ನ ನಾಜೂಕು, ಪುಸ್ತಕ, ಒಳ್ಳೆಯ ಬಟ್ಟೆ ಎಲ್ಲ ಬಂದಿದ್ದು ಗುಲಾಮರ ಬೆವರಿನ ಮೇಲೆ ನಿಂತ ಸಕ್ಕರೆ ದ್ವೀಪದಿಂದ. ಬ್ಲ್ಯಾಕ್‌ಬಿಯರ್ಡ್‌ನ ದೊಡ್ಡ ಹಡಗೂ ಮೊದಲು ಫ್ರೆಂಚರ ಗುಲಾಮರ ಹಡಗು. ಸಭ್ಯಸ್ಥರ ಆ ಹಿಂಸೆಯ ಮುಂದೆ ಕಡಲ್ಗಳ್ಳರ ಕತ್ತಿವರಸೆ ನಾಟಕದಂತೆ ಕಾಣುತ್ತೆ. ನಗಿಸುವ ಸರಣಿಗೆ ಅದನ್ನು ಪೂರ್ತಿ ಹೊರೋಕೆ ಆಗಲಿಲ್ಲ.

ನಿಜದ ಕತೆಯಲ್ಲಿ ಇದ್ದದ್ದು ದ್ರೋಹ. 1718ರ ಮೇನಲ್ಲಿ ಇಬ್ಬರೂ ಸೇರಿ ಚಾರ್ಲ್ಸ್‌ಟನ್ ಬಂದರನ್ನು ದಿಗ್ಬಂಧಿಸಿ, ಒಂದು ಪೆಟ್ಟಿಗೆ ಔಷಧಿ ವಸೂಲಿ ಮಾಡಿದರು. ಆಮೇಲೆ ಬಾನೆಟ್ ಕ್ಷಮಾದಾನ ಪಡೆಯಲು ಗವರ್ನರ್ ಬಳಿ ಹೋಗಿ ಬರುವಷ್ಟರಲ್ಲಿ ಗೆಳೆಯ ಎಲ್ಲ ದೋಚಿಕೊಂಡು ಪರಾರಿ. ಹೆಸರು ಬದಲಿಸಿ ಮತ್ತೆ ದರೋಡೆಗಿಳಿದ ಬಾನೆಟ್ ಸೆಪ್ಟೆಂಬರ್‌ನಲ್ಲಿ ಸಿಕ್ಕಿಬಿದ್ದ. ಹೆಂಗಸಿನ ಉಡುಪಿನಲ್ಲಿ ತಪ್ಪಿಸಿಕೊಂಡ ಎಂಬ ಮಾತಿದೆ. ಮತ್ತೆ ಹಿಡಿದರು.

ಜೀವ ಉಳಿಸಿ ಅಂತ ಗವರ್ನರ್‌ಗೆ ಪತ್ರ ಬರೆದು ಅಂಗಲಾಚಿದ. ಕೇಳಲಿಲ್ಲ. ಬ್ಲ್ಯಾಕ್‌ಬಿಯರ್ಡ್ ನವೆಂಬರ್‌ನಲ್ಲಿ ಹೊಡೆದಾಡುತ್ತಾ ಸತ್ತು ದಂತಕತೆಯಾಗಿದ್ದ. ಬಾನೆಟ್‌ನನ್ನು 1718ರ ಡಿಸೆಂಬರ್ 10ರಂದು ಚಾರ್ಲ್ಸ್‌ಟನ್‌ನಲ್ಲಿ ಗಲ್ಲಿಗೇರಿಸಿದರು. ನಂತರ ಅಚ್ಚಾದ ಒಂದು ಚಿತ್ರದಲ್ಲಿ ಅವನ ಕಟ್ಟಿದ ಕೈಗಳಲ್ಲಿ ಹೂವಿನ ಗೊಂಚಲಿದೆ.