ಬದು ಕಾಯ್ದ ಸ್ಪೀಕರ್ ಕೆ. ಎಸ್. ಹೆಗ್ಡೆ

ಸಿರವಾರದ ವಾಚನಾಲಯದಲ್ಲಿ ಕೂತು ಪತ್ರಿಕೆ ಬಿಡಿಸಿದಾಗ ಲೋಕಸಭೆಯ ಸುದ್ದಿ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಸದನದಲ್ಲಿ ಗದ್ದಲ, ಸ್ಪೀಕರ್ ಕಲಾಪ ಮುಂದೂಡಿದರು ಎಂದು ಓದಿ ಪುಟ ಮಗುಚುತ್ತೀರಿ. ಹತ್ತಿಯ ಬೆಂಬಲ ಬೆಲೆ, ಗೊಬ್ಬರದ ಸಹಾಯಧನ, ಭೂಸ್ವಾಧೀನದ ಕಾನೂನು ಎಲ್ಲವೂ ಒಂದಲ್ಲ ಒಂದು ದಿನ ಆ ಸದನದ ಮುಂದೆ ಬರುವ ವಿಷಯಗಳೇ. ಅಲ್ಲಿರುವ 543 ಸ್ಥಾನಗಳಲ್ಲಿ 28 ನಮ್ಮ ರಾಜ್ಯದವು. ಸಿರವಾರದ ಮತ ರಾಯಚೂರು ಕ್ಷೇತ್ರಕ್ಕೆ ಸೇರುತ್ತದೆ.

ಕರ್ನಾಟಕದಿಂದ ಆರಿಸಿ ಹೋಗಿ ಆ ಸದನದ ಸ್ಪೀಕರ್ ಪೀಠದಲ್ಲಿ ಕೂತವರು ಇದುವರೆಗೆ ಒಬ್ಬರೇ. ಅವರೇ ಕೌಡೂರು ಸದಾನಂದ ಹೆಗ್ಡೆ. ಸಂಸತ್ತಿನ ಅಧಿಕಾರಕ್ಕೂ ಒಂದು ಬದು ಉಂಟು ಎಂದು ನ್ಯಾಯಾಧೀಶರಾಗಿ ತೀರ್ಪು ಬರೆದವರು ಮುಂದೆ ಅದೇ ಸಂಸತ್ತಿನ ಸದನವನ್ನು ನಡೆಸಿದರು. ಅವರ ಬಾಳಿನ ಕಥೆ ನೀವು ತಿಳಿಯಬೇಕಾದದ್ದು.

ಕೌಡೂರಿನಿಂದ ದಿಲ್ಲಿಗೆ

ಹೆಗ್ಡೆಯವರು ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರು ಎಂಬ ಹಳ್ಳಿಯಲ್ಲಿ. ಆಗ ನಿಮ್ಮ ಸಿರವಾರ ನಿಜಾಮನ ಆಳ್ವಿಕೆಯಲ್ಲಿತ್ತು; ಅವರ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಮದರಾಸಿನಲ್ಲಿ ಕಾನೂನು ಓದಿ, ಕಾರ್ಕಳ ಮತ್ತು ಮಂಗಳೂರಿನಲ್ಲಿ ವಕೀಲಿ ನಡೆಸಿದರು. ಸರ್ಕಾರಿ ವಕೀಲರೂ ಆದರು. 1952ರಲ್ಲಿ ರಾಜ್ಯಸಭೆಯ ಸದಸ್ಯರಾದರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಮರುವರ್ಷ ಹೆಗ್ಡೆಯವರು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಕಾರ್ಕಳದ ದಾವೆಗೂ ರಾಯಚೂರಿನ ದಾವೆಗೂ ಆಗ ಅದೊಂದೇ ಹೈಕೋರ್ಟು. 1966ರಲ್ಲಿ ದಿಲ್ಲಿ ಹೈಕೋರ್ಟು ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ಭೂಮಿಯಿಂದ ಹುಟ್ಟಿದ ಮೊಕದ್ದಮೆ

ಅವರ ಬಾಳಿಗೆ ತಿರುವು ಕೊಟ್ಟ ಮೊಕದ್ದಮೆ ಹುಟ್ಟಿದ್ದು ಭೂಮಿಯ ವಿಷಯದಲ್ಲೇ. ಕನ್ನಡಿಗರ ಕಾಸರಗೋಡಿನಲ್ಲಿ ಎಡನೀರು ಎಂಬ ಮಠವಿದೆ. ಕೇರಳದ ಭೂಸುಧಾರಣೆ ಕಾನೂನು ಮಠದ ಜಮೀನಿಗೆ ತಗುಲಿತು. ಮಠಾಧಿಪತಿ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ಸಾಗಿದಂತೆ ಪ್ರಶ್ನೆ ದೊಡ್ಡದಾಯಿತು. ಸಂಸತ್ತು ಸಂವಿಧಾನವನ್ನು ಎಷ್ಟು ಬೇಕಾದರೂ ತಿದ್ದಬಹುದೇ, ಅದಕ್ಕೆ ಎಲ್ಲೆ ಉಂಟೇ ಎಂಬುದೇ ಆ ಪ್ರಶ್ನೆ. 13 ನ್ಯಾಯಮೂರ್ತಿಗಳು ಒಟ್ಟಿಗೆ ಕೂತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು.

ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಹೆಗ್ಡೆಯವರು ಏಳರಲ್ಲಿ ಒಬ್ಬರು. ನಿಮ್ಮ ಹೊಲದ ಲೆಕ್ಕದಲ್ಲಿ ಹೇಳುವುದಾದರೆ ತೀರ್ಪಿನ ಸಾರ ಇಷ್ಟು: ಹೊಲದಲ್ಲಿ ಬೆಳೆ ಬದಲಿಸಬಹುದು, ಹೊಸ ಬಾವಿ ತೋಡಬಹುದು, ಬದುವನ್ನು ಗಟ್ಟಿ ಮಾಡಬಹುದು, ಬದುವನ್ನೇ ಉತ್ತು ಹಾಕುವಂತಿಲ್ಲ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ.

ಹಾಗಾದರೆ ಈ ತೀರ್ಪು ಉಳುವವನಿಗೆ ವಿರುದ್ಧವಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಕೇರಳದ ಭೂಸುಧಾರಣೆಗೆ ರಕ್ಷಣೆ ಕೊಟ್ಟಿದ್ದ 29ನೆಯ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಸ್ವಾಮಿಗಳಿಗೆ ತಾವು ಕೇಳಿದ ಪರಿಹಾರ ದೊರೆಯಲಿಲ್ಲ. ಮರುವರ್ಷವೇ, 1974ರ ಮಾರ್ಚ್ 1ರಿಂದ, ಕರ್ನಾಟಕದಲ್ಲಿ ಗೇಣಿದಾರನೇ ಒಡೆಯನೆಂಬ ತಿದ್ದುಪಡಿ ಜಾರಿಗೆ ಬಂತು. 7ನೇ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ ಹಿರಿಯರು ಎಷ್ಟೋ ಮನೆಗಳಲ್ಲಿದ್ದರು.

ತಪ್ಪಿದ ಪಾಳಿ

ಕಾಲುವೆಯ ಕೊನೆಯಲ್ಲಿ ಹೊಲವಿರುವ ನಿಮಗೆ ನೀರಿನ ಪಾಳಿ ತಪ್ಪಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಹೆಗ್ಡೆಯವರಿಗೆ ಹಾಗೆಯೇ ಆಯಿತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ತೀರ್ಪಿನ ಹಿಂದೆಯೇ ನಿವೃತ್ತರಾದರು. ಹಿರಿತನದ ಪ್ರಕಾರ ಶೇಲತ್, ಹೆಗ್ಡೆ, ಗ್ರೋವರ್ ಎಂಬುದು ಸಾಲು. ಸರ್ಕಾರ ಈ ಮೂವರನ್ನೂ ದಾಟಿ ನಾಲ್ಕನೆಯವರಾದ ಎ. ಎನ್. ರೇ ಅವರನ್ನು ನೇಮಿಸಿತು. ದಾಟಿಸಲ್ಪಟ್ಟ ಮೂವರೂ ಏಳರ ಪಕ್ಷದವರು. ರೇ ಅವರು ಆರರ ಪಕ್ಷದವರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಹುದ್ದೆಯಲ್ಲಿ ಇರಬಹುದಾಗಿದ್ದ ಹೆಗ್ಡೆಯವರು ಅದನ್ನು ಬಿಟ್ಟುಕೊಟ್ಟರು.

ಎರಡು ವರ್ಷದ ನಂತರ, 1975ರ ಜೂನ್‌ನಲ್ಲಿ, ತುರ್ತು ಪರಿಸ್ಥಿತಿ ಬಂತು. ಐದು ವರ್ಷಕ್ಕೆಂದು ನೀವು ಆರಿಸಿದ ಲೋಕಸಭೆ ತನ್ನ ಅವಧಿಯನ್ನು ತಾನೇ ಬೆಳೆಸಿಕೊಂಡಿತು. 1976ರ 42ನೆಯ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಆರು ವರ್ಷ ಮಾಡಿತು. ಸಂವಿಧಾನದ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸಕೂಡದು ಎಂದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಸ್ಪೀಕರ್ ಪೀಠದಲ್ಲಿ

1977ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಉತ್ತರ ಭಾರತದಲ್ಲಿ ಜನತಾ ಪಕ್ಷದ ಗಾಳಿ ಬೀಸಿದರೂ ಕರ್ನಾಟಕದಲ್ಲಿ ರಾಯಚೂರೂ ಸೇರಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದವು. ಜನತಾ ಪಕ್ಷ ಗೆದ್ದದ್ದು ಹಾಸನ ಮತ್ತು ಬೆಂಗಳೂರು ದಕ್ಷಿಣ ಎರಡನ್ನೇ. ಬೆಂಗಳೂರು ದಕ್ಷಿಣದಿಂದ ಗೆದ್ದವರು ಹೆಗ್ಡೆ. ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾಗಲು ಪೀಠ ಬಿಟ್ಟಾಗ, ಜುಲೈ 21ರಂದು ಸದನ ಹೆಗ್ಡೆಯವರನ್ನು ಆರಿಸಿತು.

ಸ್ಪೀಕರ್ ಕೆಲಸ ಗಂಟೆ ಬಾರಿಸುವುದಷ್ಟೇ ಅಲ್ಲ. ಯಾವ ಪ್ರಶ್ನೆ ಸದನದ ಮುಂದೆ ಬರಬೇಕು, ಯಾರಿಗೆ ಮಾತಾಡಲು ಅವಕಾಶ, ಯಾವುದು ಹಣಕಾಸು ಮಸೂದೆ ಎಂದು ತೀರ್ಮಾನಿಸುವವರು ಅವರೇ. ಎರಡು ಕಡೆ ಮತ ಸಮನಾದಾಗ ಮಾತ್ರ ಅವರು ಮತ ಹಾಕುತ್ತಾರೆ. ಲೋಕಸಭೆಗೂ ರಾಜ್ಯಸಭೆಗೂ ಹೊಂದಾಣಿಕೆಯಾಗದೆ ಜಂಟಿ ಅಧಿವೇಶನ ಕರೆದರೆ ಅದನ್ನು ನಡೆಸುವವರೂ ಅವರೇ. 1978ರ ಮೇ ತಿಂಗಳಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ಮಸೂದೆಗಾಗಿ ಅಂಥ ಅಧಿವೇಶನವನ್ನು ಹೆಗ್ಡೆಯವರು ನಡೆಸಿದರು.

ಅದೇ ವರ್ಷ 44ನೆಯ ತಿದ್ದುಪಡಿ ಬಂತು. ಲೋಕಸಭೆಯ ಅವಧಿ ಮತ್ತೆ ಐದು ವರ್ಷವಾಯಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದು 300ಎ ವಿಧಿಯಾಯಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂಬುದು ಅದರ ಅರ್ಥ. ರಸ್ತೆಗೋ ಕಾಲುವೆಗೋ ನಿಮ್ಮ ಜಮೀನು ಹೋಗುವ ಪ್ರಸಂಗ ಬಂದರೆ ಇಂದಿಗೂ ನಿಮ್ಮ ಬೆನ್ನಿಗಿರುವ ವಿಧಿ ಇದು.

ಆ ಕಾಲದ ಎಲ್ಲವೂ ಹೊಗಳುವಂಥದೇ ಎಂದೇನಿಲ್ಲ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಗೆದ್ದು ಬಂದರು. ಡಿಸೆಂಬರ್ 19ರಂದು ಸದನ ಹಕ್ಕುಚ್ಯುತಿಯ ಕಾರಣ ಕೊಟ್ಟು ಬಹುಮತದಿಂದ ಅವರನ್ನು ಉಚ್ಚಾಟಿಸಿ ಸೆರೆಗೆ ಕಳಿಸಿತು. ಜನ ಆರಿಸಿದವರನ್ನು ಬಹುಮತ ಹೊರಹಾಕಬಹುದೇ ಎಂಬ ವಾದ ಎದ್ದಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು. ಬದು ಎಲ್ಲಿದೆ ಎಂದು ಪೀಠದಲ್ಲಿ ಕೂತಾಗಲೂ ಮತ್ತೆ ಮತ್ತೆ ನೋಡಬೇಕಾಗುತ್ತದೆ.

1979ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ಹೋಯಿತು. ರೈತ ನಾಯಕ ಚರಣ್ ಸಿಂಗ್ ಪ್ರಧಾನಿಯಾಗಿ, ಲೋಕಸಭೆಯಲ್ಲಿ ಬಹುಮತ ತೋರಿಸುವ ಮೊದಲೇ ರಾಜೀನಾಮೆಯಿತ್ತರು. ಆಗಸ್ಟ್‌ನಲ್ಲಿ ಸದನ ವಿಸರ್ಜನೆಯಾಯಿತು. ಸದಸ್ಯತ್ವಗಳು ಹೋದರೂ ಹೊಸ ಸದನ ಸೇರುವವರೆಗೆ ಸ್ಪೀಕರ್ ಹುದ್ದೆ ಖಾಲಿಯಾಗುವುದಿಲ್ಲ. ಹೀಗಾಗಿ 1980ರ ಜನವರಿ 21ರವರೆಗೆ ಹೆಗ್ಡೆಯವರು ಪೀಠದಲ್ಲಿದ್ದರು. ಅದೇ ವರ್ಷ ಬೆಂಗಳೂರಿನ ಮಿನರ್ವ ಮಿಲ್ಲಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿಯನ್ನು ಪ್ರಶ್ನಿಸಕೂಡದೆಂಬ 42ನೆಯ ತಿದ್ದುಪಡಿಯ ಭಾಗವನ್ನು ಹೊಡೆದು ಹಾಕಿತು. 1973ರಲ್ಲಿ ಏಳು ಮಂದಿ ಹಾಕಿದ ಬದು ನಿಂತಿತು.

ಉಳಿದದ್ದು

ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ತಮ್ಮ ಸೀಮೆಯ ಹಳ್ಳಿ ಮಕ್ಕಳ ಓದಿಗಾಗಿ ಹೆಗ್ಡೆಯವರು ನಿಟ್ಟೆ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1990ರ ಮೇ 24ರಂದು ತೀರಿಕೊಂಡರು. ಲೋಕಾಯುಕ್ತರಾಗಿ ಬಳ್ಳಾರಿಯ ಗಣಿ ಅಕ್ರಮದ ವರದಿ ಕೊಟ್ಟ ಸಂತೋಷ್ ಹೆಗ್ಡೆಯವರು ಇವರ ಮಗ.

ರೈತ ಬಾಂಧವರೇ, ಮತ ಹಾಕಿ ಬಂದ ಮೇಲೆ ನಿಮ್ಮ ಕೆಲಸ ಮುಗಿಯಿತೆಂದು ತಿಳಿಯಬೇಡಿ. ನಿಮ್ಮ ಸದಸ್ಯರು ಸದನದಲ್ಲಿ ಯಾವ ಪ್ರಶ್ನೆ ಕೇಳಿದರು, ಎಷ್ಟು ದಿನ ಹಾಜರಿದ್ದರು ಎಂದು ವಿಚಾರಿಸಿ. ನಿಮ್ಮ ಭಾಗದ ಸಮಸ್ಯೆಯನ್ನು ಬರೆದು ಅವರ ಕೈಗೆ ಕೊಡಿ. ಹೊಲದ ಬದುವನ್ನು ವರ್ಷಕ್ಕೊಮ್ಮೆಯಾದರೂ ಸುತ್ತಿ ನೋಡುವವರು ನೀವು. ದೇಶದ ಬದುವಿಗೂ ಆ ಕಣ್ಣು ಬೇಕು.