ರೂಟರ್‌ಗಳಿಗೆ ದಾರಿ ತೋರಿದ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ

ಸಾಗರದಿಂದ ತೀರ್ಥಹಳ್ಳಿಗೆ ಹೊರಟವರ ಮುಂದೆ ಎರಡು ಮಾರ್ಗಗಳಿವೆ. ಹೊಸನಗರದ ಮೇಲೆ ಹೋಗುವುದು ಒಂದು. ಆನಂದಪುರ, ರಿಪ್ಪನ್‌ಪೇಟೆಗಳ ಮೇಲೆ ಹೋಗುವುದು ಮತ್ತೊಂದು. ಯಾವುದು ಹತ್ತಿರ, ಮಳೆಗಾಲದಲ್ಲಿ ಒಂದು ಕಡೆ ಮರ ಉರುಳಿದರೆ ಯಾವ ದಾರಿ ಹಿಡಿಯಬೇಕು ಎಂಬುದನ್ನು ಮಲೆನಾಡಿನ ಬಸ್ ಚಾಲಕರು ಅನುಭವದಿಂದಲೇ ಬಲ್ಲರು. ಅನುಭವವೇ ಇಲ್ಲದ ಯಂತ್ರ ಇಂಥ ನಿರ್ಣಯವನ್ನು ತಪ್ಪಿಲ್ಲದೆ ಕೈಗೊಳ್ಳುವುದು ಹೇಗೆ? ಈ ಪ್ರಶ್ನೆಗೆ 1956ರಲ್ಲಿ ಉತ್ತರ ಕಂಡುಕೊಂಡವರು ನೆದರ್‌ಲ್ಯಾಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. ಕಂಪ್ಯೂಟರ್ ಜಾಲಗಳಲ್ಲಿ ಮಾಹಿತಿಯನ್ನು ಸಾಗಿಸುವ ರೂಟರ್‌ಗಳು ಇಂದಿಗೂ ಅದೇ ಉತ್ತರವನ್ನು ಅವಲಂಬಿಸಿವೆ.

1930ರ ಮೇ 11ರಂದು ರೋಟರ್‌ಡ್ಯಾಮ್ ನಗರದಲ್ಲಿ ಜನಿಸಿದ ಡೈಕ್‌ಸ್ಟ್ರಾ ಅವರ ತಂದೆ ರಸಾಯನಶಾಸ್ತ್ರದ ಅಧ್ಯಾಪಕರು. ತಾಯಿ ಗಣಿತ ಬಲ್ಲವರು. ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ದೇಶವನ್ನು ಪ್ರತಿನಿಧಿಸಬೇಕೆಂಬ ಹಂಬಲ ಬಾಲಕನಿಗಿತ್ತು. ಆದರೆ ಹಿರಿಯರ ಸಲಹೆಯಂತೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಅಭ್ಯಸಿಸಿದರು. 1951ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪ್ರೋಗ್ರಾಮಿಂಗ್ ಶಿಬಿರವೊಂದಕ್ಕೆ ಹೋಗಿಬಂದದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿ ಸೇರಿದರು. ಆಗ ಅದೊಂದು ವೃತ್ತಿಯೆಂದು ಯಾರೂ ಒಪ್ಪುತ್ತಿರಲಿಲ್ಲ. 1957ರಲ್ಲಿ ವಿವಾಹ ನೋಂದಣಿಯ ವೇಳೆ ವೃತ್ತಿಯ ಕಾಲಮಿನಲ್ಲಿ ಪ್ರೋಗ್ರಾಮರ್ ಎಂದು ಬರೆಸಲು ಹೋದಾಗ ನಗರಾಡಳಿತ ಅದನ್ನು ತಿರಸ್ಕರಿಸಿತು. ಕೊನೆಗೆ ದಾಖಲೆಯಲ್ಲಿ ಅವರು ಭೌತವಿಜ್ಞಾನಿಯಾಗಿಯೇ ಉಳಿದರು.

ಅದರ ಹಿಂದಿನ ವರ್ಷ ಗಣಿತ ಕೇಂದ್ರದ ಹೊಸ ಗಣಕಯಂತ್ರ ಆರ್ಮ್ಯಾಕ್‌ನ ಸಾಮರ್ಥ್ಯವನ್ನು ಜನಸಾಮಾನ್ಯರಿಗೆ ತೋರಿಸಬೇಕಾಗಿತ್ತು. ಎಲ್ಲರಿಗೂ ಅರ್ಥವಾಗುವ ಸಮಸ್ಯೆಯನ್ನೇ ಅವರು ಆರಿಸಿಕೊಂಡರು: ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಯಾವುದು? ಭಾವಿ ಪತ್ನಿಯೊಡನೆ ಪೇಟೆ ಸುತ್ತಿ ದಣಿದು ಕಾಫಿ ಅಂಗಡಿಯೊಂದರಲ್ಲಿ ಕುಳಿತಿದ್ದಾಗ, ಕಾಗದ ಪೆನ್ಸಿಲ್‌ಗಳ ನೆರವಿಲ್ಲದೆ, ಸುಮಾರು 20 ನಿಮಿಷಗಳಲ್ಲಿ ಪರಿಹಾರ ಹೊಳೆಯಿತು. 64 ಊರುಗಳ ನಕ್ಷೆಯ ಮೇಲೆ ಅದನ್ನು ಪ್ರದರ್ಶಿಸಲಾಯಿತು. ಆದರೆ ಪ್ರಕಟವಾದದ್ದು ಮೂರು ವರ್ಷಗಳ ನಂತರ, 1959ರಲ್ಲಿ, ಮೂರೇ ಪುಟಗಳ ಲೇಖನವಾಗಿ.

ವಿಧಾನ ಸರಳ. ಸಾಗರದಿಂದ ಆನಂದಪುರಕ್ಕೆ 40 ನಿಮಿಷ, ಹೊಸನಗರಕ್ಕೆ 50 ನಿಮಿಷ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಇವೆರಡರಲ್ಲಿ ಕಡಿಮೆ ಇರುವ ಆನಂದಪುರವನ್ನು ಮೊದಲು ಖಚಿತಪಡಿಸಬೇಕು. ಬೇರೆ ಯಾವ ದಾರಿ ಹಿಡಿದರೂ ಅದಕ್ಕಿಂತ ಬೇಗ ಅಲ್ಲಿಗೆ ತಲುಪಲಾಗದು. ಆನಂದಪುರದಿಂದ ರಿಪ್ಪನ್‌ಪೇಟೆಗೆ 30 ನಿಮಿಷವಾದರೆ ಅಲ್ಲಿಯವರೆಗಿನ ಮೊತ್ತ 70. ಈಗ ಉಳಿದವುಗಳಲ್ಲಿ ಕಡಿಮೆಯದು 50ರ ಹೊಸನಗರ. ಅಲ್ಲಿಂದ ತೀರ್ಥಹಳ್ಳಿಗೆ 70 ನಿಮಿಷವಾದರೆ ಮೊತ್ತ 120. ಬಳಿಕ ರಿಪ್ಪನ್‌ಪೇಟೆಯ ಸರದಿ. ಅಲ್ಲಿಂದ ತೀರ್ಥಹಳ್ಳಿಗೆ 60 ನಿಮಿಷವಾದರೆ ಮೊತ್ತ 130. ಆದ್ದರಿಂದ ಹೊಸನಗರದ ದಾರಿಯೇ ಗೆಲ್ಲುತ್ತದೆ. ಆ ದಾರಿಯಲ್ಲಿ ಗುಡ್ಡ ಕುಸಿದರೆ ಲೆಕ್ಕವನ್ನು ಹೊಸದಾಗಿ ಮಾಡಿ ರಿಪ್ಪನ್‌ಪೇಟೆಯ ದಾರಿ ಹಿಡಿದರಾಯಿತು.

ರೂಟರ್‌ಗಳು ಮಾಡುವುದೂ ಇದನ್ನೇ. ದೊಡ್ಡ ಜಾಲದೊಳಗಿನ ಪ್ರತಿಯೊಂದು ರೂಟರ್ ತನ್ನ ನೆರೆಯ ಸಂಪರ್ಕಗಳ ಸ್ಥಿತಿಯನ್ನು ಇತರ ಎಲ್ಲವಕ್ಕೂ ಸಾರುತ್ತದೆ. ಹೀಗೆ ಎಲ್ಲರ ಬಳಿಯೂ ಒಂದೇ ನಕ್ಷೆ ಸಿದ್ಧವಾಗುತ್ತದೆ. ಪ್ರತಿಯೊಂದೂ ತಾನಿರುವ ಜಾಗದಿಂದ ಲೆಕ್ಕ ಹಾಕಿ, ಯಾವ ವಿಳಾಸಕ್ಕೆ ಮುಂದಿನ ನೆಲೆ ಯಾವುದೆಂದು ಪಟ್ಟಿ ಮಾಡಿಕೊಳ್ಳುತ್ತದೆ. ಮಾಹಿತಿಯ ತುಣುಕು, ಅಂದರೆ ಪ್ಯಾಕೆಟ್ ಬಂದಾಗ ಪಟ್ಟಿ ನೋಡಿ ಮುಂದಕ್ಕೆ ಕಳುಹಿಸುತ್ತದೆ; ಉಳಿದ ದಾರಿಯ ಹೊಣೆ ಮುಂದಿನ ರೂಟರ್‌ಗಳದು. ಮನೆಯಲ್ಲಿರುವ ಪುಟ್ಟ ರೂಟರ್‌ಗೆ ಈ ಕಷ್ಟವಿಲ್ಲ. ಅದು ಹೊರಹೋಗುವ ಎಲ್ಲವನ್ನೂ ಸೇವಾ ಕಂಪನಿಯ ಜಾಲಕ್ಕೆ ಒಪ್ಪಿಸಿಬಿಡುತ್ತದೆ.

ಅಂತರಜಾಲದ ಪೂರ್ವಜ ಎನಿಸಿದ ಅಮೆರಿಕದ ಆರ್ಪಾನೆಟ್ 1969ರಲ್ಲಿ ಆರಂಭವಾದಾಗ ಕ್ರಮ ಬೇರೆಯಿತ್ತು. ನೆರೆಯವರು ಹೇಳಿದ ದೂರವನ್ನು ನಂಬಿ ಲೆಕ್ಕ ಹಾಕುತ್ತಿದ್ದ ಕಾರಣ, ಸಂಪರ್ಕ ಕಡಿದ ಸುದ್ದಿ ನಿಧಾನವಾಗಿ ಹರಡಿ ಪ್ಯಾಕೆಟ್‌ಗಳು ಸುತ್ತಿದಲ್ಲೇ ಸುತ್ತುತ್ತಿದ್ದವು. 1979ರಲ್ಲಿ ಅದನ್ನು ಕೈಬಿಟ್ಟು ಡೈಕ್‌ಸ್ಟ್ರಾ ವಿಧಾನವನ್ನು ಅಳವಡಿಸಲಾಯಿತು. 1989ರಲ್ಲಿ ಪ್ರಕಟವಾದ ಓಎಸ್‌ಪಿಎಫ್ ಎಂಬ ರೂಟಿಂಗ್ ನಿಯಮಾವಳಿಗೂ ಅದೇ ತಳಹದಿ.

ಆದರೆ ಲೆಕ್ಕ ಸರಿಯಿದ್ದರೆ ಸಾಲದು, ನಕ್ಷೆಯೂ ಸರಿಯಿರಬೇಕು. 1980ರ ಅಕ್ಟೋಬರ್ 27ರಂದು ಆರ್ಪಾನೆಟ್‌ನಲ್ಲಿ ಯಂತ್ರದೋಷದಿಂದ ಕೆಟ್ಟ ಸ್ಥಿತಿ-ಸಂದೇಶಗಳು ಕೊನೆಯಿಲ್ಲದೆ ಸುತ್ತತೊಡಗಿ, ಇಡೀ ಜಾಲ ಗಂಟೆಗಟ್ಟಲೆ ಸ್ತಬ್ಧವಾಯಿತು. ದೋಷದ ಮೂಲ ನಿಂತರೂ ಜಾಲ ತಾನಾಗಿ ಚೇತರಿಸಿಕೊಳ್ಳಲಿಲ್ಲ. ಸೋಜಿಗವೆಂದರೆ ಇಂಥ ಚೇತರಿಕೆಯ ತತ್ತ್ವವನ್ನೂ ಡೈಕ್‌ಸ್ಟ್ರಾ 1974ರಲ್ಲೇ ಎರಡು ಪುಟಗಳ ಲೇಖನದಲ್ಲಿ ವಿವರಿಸಿದ್ದರು. ಎಂಥ ಅಸ್ತವ್ಯಸ್ತ ಸ್ಥಿತಿಗೆ ಬಿದ್ದರೂ ಹೊರಗಿನ ನೆರವಿಲ್ಲದೆ ಸರಿದಾರಿಗೆ ಮರಳುವ ವ್ಯವಸ್ಥೆ ಅದು. ಅನೇಕ ವರ್ಷ ಅದನ್ನು ಗಮನಿಸಿದವರು ವಿರಳ. ಆರ್ಪಾನೆಟ್ ಕುಸಿತದ ನಂತರ ಅಮೆರಿಕದ ರೇಡಿಯಾ ಪರ್ಲ್‌ಮನ್ ಅವರು ರೂಟರ್‌ಗಳ ಸಂದೇಶ ಪ್ರಸಾರಕ್ಕೆ ಈ ಗುಣವುಳ್ಳ ಕ್ರಮವನ್ನು ರೂಪಿಸಿದರು.

1962ರಲ್ಲಿ ಐಂಡ್‌ಹೋವನ್‌ನಲ್ಲಿ ಪ್ರಾಧ್ಯಾಪಕರಾದ ಡೈಕ್‌ಸ್ಟ್ರಾ, 1972ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದರು. 1984ರಿಂದ 1999ರವರೆಗೆ ಅಮೆರಿಕದ ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಗಣಕ ಲೋಕದ ಧೀಮಂತನಾಗಿದ್ದರೂ ಅವರು ಬಹುಪಾಲು ಬರೆದದ್ದು ಶಾಯಿ ಪೆನ್ನಿನಲ್ಲಿ. ಕ್ರಮಸಂಖ್ಯೆ ನೀಡಿ ಸ್ನೇಹಿತರಿಗೆ ಹಂಚುತ್ತಿದ್ದ ಟಿಪ್ಪಣಿಗಳ ಸಂಖ್ಯೆ 1,300ನ್ನು ಮೀರಿದೆ.

2002ರ ಆಗಸ್ಟ್ 6ರಂದು ಸ್ವದೇಶದ ನ್ಯೂನೆನ್‌ನಲ್ಲಿ ಕ್ಯಾನ್ಸರ್‌ನಿಂದ ಅವರು ನಿಧನರಾದರು. ಅದೇ ವರ್ಷ 1974ರ ಆ ಪುಟ್ಟ ಲೇಖನಕ್ಕೆ ಅತ್ಯಂತ ಪ್ರಭಾವಿ ಪ್ರಬಂಧವೆಂಬ ಪ್ರಶಸ್ತಿ ಸಂದಿತು. ಮರುವರ್ಷದಿಂದ ಆ ಪ್ರಶಸ್ತಿಗೇ ಅವರ ಹೆಸರನ್ನಿಡಲಾಗಿದೆ. ರೂಟರ್ ಎಂಬ ಯಂತ್ರವೇ ಇಲ್ಲದ ಕಾಲದಲ್ಲಿ, ಊರುಗಳ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ಮಾಡಿದ ಶುದ್ಧ ಚಿಂತನೆ ಇಂದು ಜಗತ್ತಿನ ಮಾತುಕತೆಯನ್ನೇ ಹೊತ್ತು ಸಾಗುತ್ತಿದೆ.